ಇರುವೆ ಸಾಲಿನ ಹತ್ತಿರವೇ ಕೂತ ಮಗು, ನೋಡದೆ ಉಳಿದ ರೋಜಾ ತೋಟ

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ. ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು, ನನ್ನ ಗಂಡ, ಮಾವ ಎಲ್ಲ ಸೇರಿ ಅವಳನ್ನು ದೊಡ್ಡದೊಂದು ಸಾರ್ವಜನಿಕ ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆವು. ಒಳಗೆ ಹೋದಾಗ ಎರಡೂವರೆ. ಗೇಟಿನ ಹತ್ತಿರವೇ ಇರುವೆ ಸಾಲು ನೋಡುತ್ತಾ ಕೂತವಳು ಅರ್ಧ ಗಂಟೆಯಾದರೂ ಏಳಲಿಲ್ಲ. ರೋಜಾ ತೋಟ, ಗಾಜಿನ ಮನೆ, ಕೊಳ ಯಾವುದನ್ನೂ ನೆಟ್ಟಗೆ ನೋಡಲಿಲ್ಲ. ಎಳೆದುಕೊಂಡು ಹೋದರೆ ಅಳು. ಬಿಸಿಲಿಗೆ ಎಲ್ಲರೂ ಸುಸ್ತು. ಕೊನೆಗೆ ಹೊರಡೋಣ ಅಂದಾಗ ಬರಲ್ಲ ಅಂತ ಇನ್ನೂ ದೊಡ್ಡ ಅಳು. "ಇರುವೆ ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ಮನೆ ಮುಂದೆ ಇರಲಿಲ್ವಾ" ಅಂತ ಗಂಡನ ಗೊಣಗಾಟ. ಇವಳಿಗೆ ಗಿಡಮರದಲ್ಲಿ ಆಸಕ್ತಿಯೇ ಇಲ್ವಾ? ಇಷ್ಟು ಚಿಕ್ಕವರನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗುವುದರಲ್ಲಿ ಅರ್ಥ ಇದೆಯಾ? ಇದ್ದರೆ ಹೇಗೆ ಹೋಗಬೇಕು?

ಉತ್ತರ: ಅರ್ಧ ಗಂಟೆ ಒಂದೇ ಇರುವೆ ಸಾಲು ನೋಡುತ್ತಾ ಕೂತ ಮಗುವಿಗೆ ಆಸಕ್ತಿ ಇಲ್ವಾ ಅಂತ ಕೇಳುತ್ತಿದ್ದೀರಲ್ಲ! ಉದ್ಯಾನಗಳಲ್ಲಿ ಮಕ್ಕಳಿಗೆ ಗಿಡಮರ ತೋರಿಸುವುದೇ ನನ್ನ ಕೆಲಸ. ಕಾಲೇಜು ಹುಡುಗರನ್ನು ಒಂದು ಗಿಡದ ಮುಂದೆ ಹತ್ತು ನಿಮಿಷ ನಿಲ್ಲಿಸುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ. ನಿಮ್ಮ ಮಗಳು ಚೆನ್ನಾಗೇ ಇದ್ದಾಳೆ. ಎಡವಟ್ಟಾಗಿರುವುದು ಎರಡು ಕಡೆ. ಒಂದು ನೀವು ಹೋದ ಹೊತ್ತು, ಇನ್ನೊಂದು ತಲೆಯಲ್ಲಿಟ್ಟುಕೊಂಡು ಹೋದ ಪಟ್ಟಿ.

ಪಟ್ಟಿಯಿಂದ ಶುರು ಮಾಡೋಣ. ರೋಜಾ ತೋಟ, ಗಾಜಿನ ಮನೆ, ಕೊಳ: ಇದು ದೊಡ್ಡವರ ಪಟ್ಟಿ. ಉದ್ಯಾನ ಕಟ್ಟಿದವರು ಕೂಡ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದು. ಇಟಲಿಯ ಪಾಡುವಾದಲ್ಲಿ 1545ರಲ್ಲಿ ಆದ ಸಸ್ಯೋದ್ಯಾನ ವೈದ್ಯ ವಿದ್ಯಾರ್ಥಿಗಳಿಗೆ ಔಷಧಿ ಗಿಡ ಗುರುತಿಸಲು ಕಲಿಸುವುದಕ್ಕೆ ಅಂತ. ಇಂಗ್ಲೆಂಡಿನ ಡಾರ್ಬಿಯಲ್ಲಿ 1840ರಲ್ಲಿ ತೆರೆದ ಮರಗಳ ಉದ್ಯಾನ, ಊರಿನ ಜನ ಸುತ್ತಾಡಿ ಗಾಳಿ ತಗೊಳ್ಳಲಿ ಅಂತ. ಸಾಲಾಗಿ ಒಂದಾದ ಮೇಲೊಂದು ನೋಡಿಕೊಂಡು ಹೋಗುವುದು ಆ ಕಾಲದ ಅಭ್ಯಾಸ, ಅದು ನಮಗೂ ಅಂಟಿಕೊಂಡಿದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, 1837ರಲ್ಲಿ, ಜರ್ಮನಿಯಲ್ಲಿ ಚಿಕ್ಕ ಮಕ್ಕಳಿಗೆ ಅಂತ ಶಾಲೆ ತೆರೆದ ಫ್ರೋಬೆಲ್ ಬೇರೆ ದಾರಿ ಹಿಡಿದ. ಅವನ ಪದ್ಧತಿಯಲ್ಲಿ ಶಾಲೆಯ ತೋಟದಲ್ಲಿ ಮಕ್ಕಳಿಗೆ ತಲಾ ಒಂದು ಪುಟ್ಟ ಪಾತಿ. ಅಷ್ಟೇ. ಇಡೀ ತೋಟ ತೋರಿಸಬೇಕು ಅನ್ನುವ ಹಟ ಅವನಿಗಿರಲಿಲ್ಲ. ನಾನು ಈ ವಿಷಯದಲ್ಲಿ ಪೂರ್ತಿ ಫ್ರೋಬೆಲ್ ಪಾರ್ಟಿ.

ಇನ್ನೊಂದು ವಿಷಯ ಅಳತೆಯದು. ನಾಲ್ಕು ವರ್ಷದ ಮಗುವಿನ ಎತ್ತರ ಒಂದು ಮೀಟರ್ ಆಸುಪಾಸು, ಕಣ್ಣು ಅದಕ್ಕಿಂತ ಸ್ವಲ್ಪ ಕೆಳಗೆ. ನಿಮ್ಮ ಸೊಂಟದೆತ್ತರದ ಬೇಲಿ ಅವಳಿಗೆ ಗೋಡೆ. ಒಂದು ಸಲ ರೋಜಾ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡಿ. ಮುಳ್ಳು, ಕಡ್ಡಿ, ಪಾತಿಗೆ ಹಾಕಿದ ಗೊಬ್ಬರ, ಬೋರ್ಡಿನ ಕಾಲು, ಅಷ್ಟು ಕಾಣುತ್ತದೆ. ಹೂವೆಲ್ಲ ತಲೆ ಮೇಲೆ ಬೇರೆ ಕಡೆ ಮುಖ ಮಾಡಿಕೊಂಡು ನಿಂತಿರುತ್ತದೆ. ಇರುವೆ ಮಾತ್ರ ಅವಳ ಪಕ್ಕದಲ್ಲೇ ಇರುತ್ತದೆ, ಅಲುಗಾಡುತ್ತದೆ, ಏನೋ ಹೊತ್ತುಕೊಂಡು ಹೋಗುತ್ತದೆ. ಯಾರಾದರೂ ಇರುವೆಯನ್ನೇ ಆರಿಸಿಕೊಳ್ಳುತ್ತಾರೆ ಅಲ್ವಾ?

ಹಾಗಾಗಿ ಮುಂದಿನ ಸಲ ಒಂದೇ ಜಾಗ ಇಟ್ಟುಕೊಂಡು ಹೋಗಿ. ಒಂದು ದೊಡ್ಡ ಮರ, ಅದರ ಬುಡದ ಸುತ್ತ ಸ್ವಲ್ಪ ಹುಲ್ಲು, ಹತ್ತಿರದಲ್ಲಿ ಒಂದು ಬೆಂಚು (ಮಾವನವರಿಗೂ ಆಯಿತು), ಕುಡಿಯುವ ನೀರು ಮತ್ತು ಶೌಚಾಲಯ ತೀರಾ ದೂರ ಇರಬಾರದು. ಅಲ್ಲಿ ಚಾಪೆ ಹಾಸಿ ಕೂತುಬಿಡಿ. ಅದು ನಿಮ್ಮ ಠಾಣೆ. ಅವಳು ಅಲ್ಲಿಂದ ಹೊರಟು ಸುತ್ತಾಡಿ ಮತ್ತೆ ಅಲ್ಲಿಗೇ ಬರುತ್ತಾಳೆ. ದೊಡ್ಡವರಲ್ಲಿ ಒಬ್ಬರು ಅವಳ ಹಿಂದೆ, ಉಳಿದವರು ಚಾಪೆಯ ಮೇಲೆ, ಅರ್ಧ ಗಂಟೆಗೊಮ್ಮೆ ಸರದಿ ಬದಲಿ. ಇದನ್ನು ಮನೆಯಲ್ಲೇ ಮಾತಾಡಿಕೊಂಡು ಹೋಗಿ, ಇಲ್ಲದಿದ್ದರೆ ಪೂರ್ತಿ ಹೊತ್ತು ಅಮ್ಮನೇ ಓಡುತ್ತಿರುತ್ತಾಳೆ, ಉಳಿದವರು ಫೋನ್ ಹಿಡಿದು ಫೋಟೋ ತೆಗೆಯುತ್ತಿರುತ್ತಾರೆ. ನಾನು ಕಂಡ ಮಟ್ಟಿಗೆ ಉದ್ಯಾನಕ್ಕೆ ಬರುವ ಮುಕ್ಕಾಲು ಪಾಲು ಸಂಸಾರಗಳ ಕಥೆ ಇದೇ. ಫೋಟೋ ಬೇಕಿದ್ದರೆ ಮೊದಲ ಐದು ನಿಮಿಷದಲ್ಲಿ ತೆಗೆದು ಮುಗಿಸಿ. "ಇಲ್ಲಿ ನೋಡು, ನಗು, ಹೂವಿನ ಹತ್ತಿರ ನಿಲ್ಲು" ಅಂತ ಹತ್ತು ಸಲ ಹೇಳಿದರೆ ಯಾವ ಮಗುವಿಗಾದರೂ ತಲೆ ಕೆಡುತ್ತದೆ.

ಈಗ ಹೊತ್ತಿನ ವಿಷಯ. ಎರಡೂವರೆ ಅನ್ನುವುದು ಬೆಚ್ಚಗಿನ ಜಾಗಗಳಲ್ಲಿ ದಿನದ ಅತಿ ಕೆಟ್ಟ ಗಳಿಗೆ. ಬಿಸಿಲಿನ ಕಿರಣ ಜೋರಾಗಿರುವುದು ಸೂರ್ಯ ನೆತ್ತಿಯ ಹತ್ತಿರ ಇರುವಾಗ. ಗಾಳಿ ಮತ್ತು ನೆಲ ಕಾಯುವುದು ಅದಾದ ಮೇಲೆ ಒಂದೆರಡು ಮೂರು ಗಂಟೆ ತಡವಾಗಿ. ನೀವು ಹೋಗಿದ್ದು ಕಿರಣ ಇನ್ನೂ ಪೂರ್ತಿ ಇಳಿದಿಲ್ಲ, ನೆಲ ಆಗಲೇ ಕಾದಿದೆ ಅನ್ನುವ ಹೊತ್ತಿಗೆ. ಮಗುವಿನ ತೂಕಕ್ಕೆ ಹೋಲಿಸಿದರೆ ಮೈಚರ್ಮ ಜಾಸ್ತಿ, ಅದಕ್ಕೇ ಬಿಸಿ ಗಾಳಿಯ ಕಾವು ಬೇಗ ಒಳಗೆ ಹೋಗುತ್ತದೆ. ಬೆವರುವುದೂ ನಮ್ಮಷ್ಟಿಲ್ಲ. ಜೊತೆಗೆ ಅವರು ನೆಲಕ್ಕೆ ಹತ್ತಿರ, ಕಾದ ನೆಲದ ಝಳ ನೇರ ಮುಖಕ್ಕೇ.

ಗಡಿಯಾರ ನೋಡಿ ಇಂತಿಷ್ಟು ಹೊತ್ತಿಗೆ ಹೋಗಿ ಅಂತ ನಾನು ಹೇಳುವುದಿಲ್ಲ, ಊರಿಗೊಂದು ಬಿಸಿಲು, ತಿಂಗಳಿಗೊಂದು ಬಿಸಿಲು. ನೆರಳು ನೋಡಿ. ಮಗುವನ್ನು ಬಯಲಲ್ಲಿ ನಿಲ್ಲಿಸಿದಾಗ ಅವಳ ನೆರಳು ಅವಳಿಗಿಂತ ಗಿಡ್ಡ ಇದ್ದರೆ ಸೂರ್ಯ ಇನ್ನೂ ಮೇಲಿದ್ದಾನೆ, ಬಿಸಿಲು ಖಾರ. ನೆರಳು ಅವಳಿಗಿಂತ ಉದ್ದವಾಯಿತು ಅಂದರೆ ಸೂರ್ಯ 45 ಡಿಗ್ರಿಗಿಂತ ಕೆಳಗಿಳಿದ ಅಂತ ಲೆಕ್ಕ, ಆಗ ಹೊರಡಿ. ಮಕ್ಕಳಿಗೆ ಇದೇ ಒಂದು ಆಟ. "ನಿನ್ನ ನೆರಳು ನಿನಗಿಂತ ಉದ್ದ ಆಯ್ತಾ ನೋಡು" ಅಂದರೆ ಅವರೇ ಬಾಗಿಲಿಗೆ ಓಡಿ ಓಡಿ ನೋಡಿಕೊಂಡು ಬರುತ್ತಾರೆ. ಫೋನಿನ ಹವಾಮಾನ ಪುಟದಲ್ಲಿ ಯುವಿ ಸೂಚ್ಯಂಕ ಅಂತ ಒಂದು ಅಂಕಿ ಇರುತ್ತದೆ (ಚರ್ಮ ಸುಡುವ ಅತಿನೇರಳೆ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಳತೆ), ಅದನ್ನೂ ನೋಡಬಹುದು. 3 ಮತ್ತು ಅದಕ್ಕಿಂತ ಮೇಲಿದ್ದರೆ ಟೋಪಿ, ನೆರಳು, ತೋಳು ಮುಚ್ಚುವ ಬಟ್ಟೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೋಡ ಕವಿದಿದೆ ಅಂತ ಅಂಕಿ ನೋಡದೆ ಬಿಡಬೇಡಿ, ತೆಳು ಮೋಡದ ಒಳಗಿಂದಲೂ ಕಿರಣ ಬರುತ್ತದೆ. ಚಳಿ ಜಾಗಗಳಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ಚಳಿಗಾಲದ ಮಧ್ಯಾಹ್ನವೇ ಹದವಾದ ಹೊತ್ತು, ನೆರಳು ದಿನವಿಡೀ ಉದ್ದವಾಗೇ ಇರುತ್ತದೆ.

ನಿದ್ದೆಯನ್ನು ಮರೆಯಬೇಡಿ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ ಜೋಂಪೂ ಅದರಲ್ಲೇ ಸೇರಿತು. ನಿಮ್ಮ ಮಗಳು ಇನ್ನೂ ಊಟ ಆದಮೇಲೆ ಮಲಗುವವಳಾದರೆ ಆ ನಿದ್ದೆ ಕಿತ್ತುಕೊಂಡು ಉದ್ಯಾನ ತೋರಿಸಿ ಏನೂ ಪ್ರಯೋಜನ ಇಲ್ಲ. ಮಲಗಲಿ, ಎದ್ದು ಏನಾದರೂ ತಿನ್ನಲಿ, ಆಮೇಲೆ ಹೊರಡಿ. ನೀವು ಬರೆದ ಆ ಅಳುವಿನಲ್ಲಿ ಅರ್ಧಕ್ಕರ್ಧ ನಿದ್ದೆಯದೇ ಅಂತ ನನ್ನ ಅನುಮಾನ. ಒಳಗೆ ಒಂದು ಗಂಟೆ, ತಪ್ಪಿದರೆ ಒಂದೂವರೆ ಸಾಕು. ಮೂರು ಗಂಟೆ ಇರಬೇಕು ಅನ್ನುವುದು ಬರೀ ಬಂದ ದೂರಕ್ಕೆ ಸಮಾಧಾನ ಅಷ್ಟೇ.

ಇರುವೆಗೆ ವಾಪಸ್ ಬರೋಣ, ನೀವು ಕೈಬಿಟ್ಟ ಒಳ್ಳೆ ಅವಕಾಶ ಅದು. ಅವಳ ಪಕ್ಕ ಕೂತಿದ್ದರೆ ಏನೇನು ನೋಡಬಹುದಿತ್ತು ಗೊತ್ತಾ? ಇರುವೆ ಸಾಲು ನಿಂತಿರುವುದು ವಾಸನೆಯ ಮೇಲೆ. ತಿಂಡಿ ಕಂಡ ಇರುವೆ ಗೂಡಿಗೆ ವಾಪಸ್ ಹೋಗುವಾಗ ಹೊಟ್ಟೆಯ ತುದಿಯಿಂದ ನೆಲಕ್ಕೆ ಒಂದು ರಸ ಸವರಿಕೊಂಡು ಹೋಗುತ್ತದೆ, ಹಿಂದಿನವು ಆ ಜಾಡು ಹಿಡಿದು ಬರುತ್ತವೆ, ಬಂದವೂ ಸವರುತ್ತವೆ, ಹೀಗೆ ದಾರಿ ಗಟ್ಟಿಯಾಗುತ್ತದೆ. ಒಂದು ಎಲೆ ಮಡಚಿ ಅದರಿಂದ ಸಾಲಿನ ಅಡ್ಡಕ್ಕೆ ನೆಲವನ್ನು ಗಟ್ಟಿಯಾಗಿ ಒರೆಸಿ (ಬೆರಳು ಬೇಡ, ಕಚ್ಚುವ ಜಾತಿ ಇರಬಹುದು). ಅಲ್ಲಿಗೆ ಬಂದ ಇರುವೆಗಳು ಗಕ್ಕನೆ ನಿಲ್ಲುತ್ತವೆ. ಮೀಸೆ ಆಡಿಸುತ್ತವೆ, ಹಿಂದೆ ತಿರುಗುತ್ತವೆ, ಎಡಕ್ಕೆ ಬಲಕ್ಕೆ ಅಲೆಯುತ್ತವೆ. ಎರಡೂ ಬದಿಯಲ್ಲಿ ಟ್ರಾಫಿಕ್ ಜಾಮ್. ಸ್ವಲ್ಪ ಹೊತ್ತಿನಲ್ಲಿ ಯಾವುದೋ ಒಂದು ಧೈರ್ಯ ಮಾಡಿ ದಾಟುತ್ತದೆ, ಅದರ ಹಿಂದೆ ಇನ್ನೊಂದು, ನೋಡನೋಡುತ್ತಾ ಸಾಲು ಮತ್ತೆ ಶುರು. ಇಷ್ಟು ಒಂದೇ ಸಾಕು. "ಈಗ ಯಾಕೆ ನಿಂತವು?" ಅಂತ ಅವಳನ್ನೇ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ಸರಿಯಾದ ಉತ್ತರ ಬರಬೇಕು ಅಂತ ಇಲ್ಲ. ಹೊರೆ ಹೊತ್ತ ಇರುವೆಗಳು ಯಾವ ಕಡೆ ಹೋಗುತ್ತಿವೆಯೋ ಆ ಕಡೆ ನಡೆದರೆ ಗೂಡು ಸಿಗುತ್ತದೆ. ನೋಡಿ, ಅವಳು ಈಗ ಗೇಟಿನಿಂದ ಎದ್ದು ಹೊರಟಳು! ಎಳೆಯದೆ ಮುಂದಕ್ಕೆ ಕರೆದುಕೊಂಡು ಹೋಗುವುದು ಹೀಗೆ.

ಸಂಜೆಗೆ ಇಳಿಯುವ ಮಧ್ಯಾಹ್ನದಲ್ಲೇ ಚೆನ್ನಾಗಿ ಕಾಣುವ ಕೆಲವು ಸಂಗತಿಗಳಿವೆ. ಅವನ್ನು ಹೇಳುತ್ತೇನೆ, ಎಲ್ಲವನ್ನೂ ಒಂದೇ ದಿನ ತೋರಿಸಲು ಹೋಗಬೇಡಿ ಮಾತ್ರ.

ದೊಡ್ಡ ಮರದ ಕೆಳಗೆ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳನ್ನು ಗಮನಿಸಿದ್ದೀರಾ? ಎಲೆಗಳ ನಡುವಿನ ಸಂದಿ ಮೂರು ಮೂಲೆಯದು, ಸೀಳು, ಹರಕು ಹೀಗೆ ಹತ್ತು ಆಕಾರದಲ್ಲಿರುತ್ತದೆ. ಕೆಳಗೆ ಬಿದ್ದ ಚುಕ್ಕೆಗಳು ಮಾತ್ರ ಬಹುಪಾಲು ದುಂಡಗೆ. ಯಾಕೆ ಅಂದರೆ ಅವು ಸಂದಿಯ ಆಕಾರ ಅಲ್ಲ, ಸೂರ್ಯನ ಚಿತ್ರ. ಎತ್ತರದಲ್ಲಿರುವ ಸಣ್ಣ ಸಂದಿ ಸೂಜಿರಂಧ್ರದ ಕ್ಯಾಮೆರಾದ ಕೆಲಸ ಮಾಡುತ್ತದೆ. ಮಧ್ಯಾಹ್ನ ಇಳಿದಂತೆ ಬೆಳಕು ಓರೆಯಾಗಿ ಬೀಳುತ್ತದಲ್ಲ, ಆಗ ಚುಕ್ಕೆಗಳು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತವೆ. ಒಂದು ಬಿಳಿ ಕಾಗದವನ್ನು ಬೆಳಕಿಗೆ ಎದುರಾಗಿ ಓರೆ ಮಾಡಿ ಹಿಡಿದರೆ ಮತ್ತೆ ದುಂಡಗಾಗುತ್ತವೆ. ಸೂರ್ಯನಿಗೆ ಗ್ರಹಣ ಅರ್ಧ ಹಿಡಿದಾಗ ಮರದ ಕೆಳಗೆಲ್ಲ ಕುಡುಗೋಲಿನಾಕಾರದ ಚುಕ್ಕೆಗಳೇ. ನಾಲ್ಕು ವರ್ಷದವಳಿಗೆ ಈ ವಿವರಣೆ ಬೇಡ, ಚುಕ್ಕೆಯನ್ನು ಕಾಗದದಲ್ಲಿ "ಹಿಡಿಯುವ" ಆಟ ಸಾಕು. ವಿವರಣೆ ನಿಮ್ಮ ಯಜಮಾನರಿಗೆ.

ಹೂವಿನ ವಿಷಯಕ್ಕೆ ಬಂದರೆ, ಹೊತ್ತು ನೋಡಿ ಅರಳುವ ಹೂವುಗಳಿವೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1751ರಲ್ಲೇ ಯಾವ ಹೂವು ಎಷ್ಟು ಹೊತ್ತಿಗೆ ತೆರೆದು ಮುಚ್ಚುತ್ತದೆ ಅಂತ ಪಟ್ಟಿ ಮಾಡಿ, ಹೂವಿನಿಂದಲೇ ಗಡಿಯಾರ ಮಾಡಬಹುದು ಅಂದಿದ್ದ. ನಮಗೆ ಎರಡು ಮೂರು ಗಿಡ ಗೊತ್ತಿದ್ದರೆ ಆಯಿತು. ಸಂಜೆ ಮಲ್ಲಿಗೆ ಸುಮಾರು ನಾಲ್ಕು ಗಂಟೆಯ ಮೇಲೆ ಬಿಚ್ಚಿಕೊಳ್ಳುತ್ತದೆ. ಬೆಳಗ್ಗೆ ಅರಳಿದ ಟೇಬಲ್ ರೋಸ್ ಅಷ್ಟರಲ್ಲಿ ಮುದುಡಿರುತ್ತದೆ. ಬೆಟ್ಟದಾವರೆ ಬೆಳಗ್ಗೆ ಬಿಳಿ, ಮಧ್ಯಾಹ್ನ ನಸುಗೆಂಪು, ಸಂಜೆಗೆ ಕೆಂಪು. ಒಂದೇ ಗಿಡದಲ್ಲಿ ನಿನ್ನೆಯ ಬಾಡಿದ ಕೆಂಪು ಹೂವು ಮತ್ತು ಇವತ್ತಿನ ನಸುಗೆಂಪು ಹೂವು ಎರಡೂ ಸಿಗುತ್ತವೆ. ಮಳೆಮರ ಇದ್ದರೆ ಸಂಜೆಯಾಗುತ್ತಾ ಎಲೆ ಮಡಚಿಕೊಳ್ಳುವುದನ್ನು ನೋಡಬಹುದು, "ಮರಕ್ಕೆ ನಿದ್ದೆ ಬಂತು, ನಾವೂ ಹೊರಡೋಣ" ಅನ್ನುವುದಕ್ಕೂ ಒಂದು ನೆಪ ಸಿಕ್ಕಿತು.

ಮುಟ್ಟಿದರೆ ಮುನಿ ಎಲ್ಲಿ ಕಂಡರೂ ಬಿಡಬೇಡಿ. ಮುಟ್ಟಿದ ತಕ್ಷಣ ಎಲೆಯ ಬುಡದಲ್ಲಿರುವ ಸಣ್ಣ ಗಂಟಿನ ಒಂದು ಬದಿಯ ಕೋಶಗಳಿಂದ ನೀರು ಸರಕ್ಕನೆ ಹೊರಗೆ ಹೋಗುತ್ತದೆ, ಆ ಬದಿ ಕುಗ್ಗಿ ಎಲೆ ಮಡಚಿಕೊಳ್ಳುತ್ತದೆ. ಮತ್ತೆ ತೆರೆಯಲು ಹತ್ತು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಗು ಕಾಯುತ್ತಾಳಾ? ಕಾಯುವುದಿಲ್ಲ, ಪಕ್ಕದ ಎಲೆ ಮುಟ್ಟುತ್ತಾಳೆ. ಮುಟ್ಟಲಿ ಬಿಡಿ. ಬೇರೆ ಕಡೆ ಸುತ್ತಿ ವಾಪಸ್ ಬಂದಾಗ ಮೊದಲಿನ ಎಲೆ ತೆರೆದಿರುತ್ತದೆ, ಆಗಿನ ಅವಳ ಮುಖ ನೋಡುವಂಥದ್ದು. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಈ ಗಿಡದ ಕುಂಡವನ್ನು ಸುಮಾರು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿದರು. ಬೀಳುವುದರಿಂದ ತೊಂದರೆ ಏನಿಲ್ಲ ಅನ್ನುವಂತೆ ಗಿಡ ಸ್ವಲ್ಪ ಹೊತ್ತಿಗೆ ಎಲೆ ಮುಚ್ಚುವುದನ್ನೇ ನಿಲ್ಲಿಸಿತಂತೆ. ಮುಳ್ಳಿರುತ್ತದೆ, ಎಲೆಯ ತುದಿ ಕಡೆಯಿಂದ ಮುಟ್ಟಲು ಹೇಳಿಕೊಡಿ.

ಇನ್ನೊಂದು, ನನಗೆ ತುಂಬಾ ಇಷ್ಟದ್ದು. ಬೆಂಚಿನ ಕೆಳಗೆ, ಗೋಡೆಯ ಬುಡದಲ್ಲಿ, ಮಳೆ ಬೀಳದ ಜಾಗದಲ್ಲಿ ನುಣ್ಣನೆಯ ಒಣ ಮಣ್ಣಿದ್ದರೆ ಅಲ್ಲಿ ಆಲಿಕೆಯಂಥ ಪುಟ್ಟ ಗುಂಡಿಗಳಿರುತ್ತವೆ. ಅದರ ತಳದಲ್ಲಿ ಇರುವೆ ಹಿಡಿದು ತಿನ್ನುವ ಒಂದು ಹುಳ ಮಣ್ಣಿನಲ್ಲಿ ಹೂತುಕೊಂಡು ಕೂತಿರುತ್ತದೆ, ಹಿಮ್ಮುಖವಾಗಿ ನಡೆಯುವ ಹುಳ. ಒಂದು ಹುಲ್ಲುಕಡ್ಡಿಯಿಂದ ಗುಂಡಿಯ ಅಂಚಿನ ಮಣ್ಣು ನಾಲ್ಕು ಕಾಳು ಉದುರಿಸಿ. ಇರುವೆ ಬಿತ್ತು ಅಂದುಕೊಂಡು ಅದು ಕೆಳಗಿನಿಂದ ತಲೆಯಲ್ಲಿ ಮಣ್ಣು ಚಿಮ್ಮುತ್ತದೆ. ಮಕ್ಕಳು ಇದನ್ನು ನೋಡಲು ಹೊಟ್ಟೆ ಮೇಲೆ ಮಲಗುತ್ತಾರೆ. ಬಟ್ಟೆ ಕೊಳೆ ಆಗುತ್ತದೆ ಅನ್ನುವವರು ಉದ್ಯಾನಕ್ಕೆ ಹಳೆ ಬಟ್ಟೆ ಹಾಕಿಕೊಂಡು ಬರಬೇಕು, ಬೇರೆ ಉಪಾಯ ಇಲ್ಲ.

ಅಪಾಯದ ಮಾತುಗಳನ್ನೂ ಹೇಳಲೇಬೇಕು. ಉದ್ಯಾನದ ಗಿಡ ಅಂದರೆ ಪಾಪದ ಗಿಡ ಅಂತ ಜನ ಅಂದುಕೊಂಡಿರುತ್ತಾರೆ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲ ವಿಷ, ಹೃದಯಕ್ಕೇ ಕೈ ಹಾಕುವಂಥದ್ದು. ಹಳದಿ ಕಣಗಿಲೆಯ ಬೀಜ ಕೂಡ ಹಾಗೇ. ಉಮ್ಮತ್ತಿ, ಹರಳಿನ ಬೀಜ, ಕೆಂಪು ಕಪ್ಪಿನ ಗುಲಗಂಜಿ ಮೂರೂ ವಿಷ, ಕೊನೆಯದಂತೂ ಮಕ್ಕಳ ಕಣ್ಣಿಗೆ ಮಣಿಯ ಹಾಗೆ ಕಾಣುತ್ತದೆ. ದೊಡ್ಡ ಚುಕ್ಕೆ ಎಲೆಯ ಡಿಫೆನ್‌ಬೇಕಿಯಾ ಕಚ್ಚಿದರೆ ಬಾಯಿ ನಾಲಿಗೆ ಉರಿದು ಊದುತ್ತದೆ. ಇವನ್ನೆಲ್ಲ ಗುರುತಿಸಲು ಮಗುವಿಗೆ ಕಲಿಸುವುದು ಆಗದ ಮಾತು. ಒಂದೇ ನಿಯಮ ಸಾಕು: ಮುಟ್ಟಬಹುದು, ಮೂಸಬಹುದು, ಬಾಯಿಗೆ ಮಾತ್ರ ಇಲ್ಲ, ತಿನ್ನುವ ಮೊದಲು ಕೈ ತೊಳೆಯಬೇಕು. ಏನಾದರೂ ನುಂಗಿದಳು ಅಂತ ಅನುಮಾನ ಬಂದರೆ ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ಆ ಗಿಡದ ಒಂದು ತುಂಡು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸಲು ಹೋಗಬೇಡಿ. ಕಂಬಳಿ ಹುಳು ಮೈಗೆ ತಗುಲಿದರೆ ಉಜ್ಜಬಾರದು, ಅಂಟುಪಟ್ಟಿ ಒತ್ತಿ ಕಿತ್ತರೆ ಕೂದಲು ಅದಕ್ಕೆ ಅಂಟಿ ಬರುತ್ತದೆ, ಆಮೇಲೆ ಸೋಪು ನೀರು. ಜೇನುಹುಳ ಕಚ್ಚಿದರೆ ಕೊಂಡಿ ಚರ್ಮದಲ್ಲೇ ಉಳಿಯುತ್ತದೆ, ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಮುಖ ಊದಿಕೊಂಡರೆ, ಉಸಿರಾಡಲು ಕಷ್ಟಪಟ್ಟರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ.

ಕೊಳದ ಹತ್ತಿರ ಮಗು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರವೇ ಇರಬೇಕು. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ, ಅದಕ್ಕೆ ಆಳದ ನೀರೂ ಬೇಕಿಲ್ಲ. ಜಾರುಬಂಡೆಯನ್ನು ಮೊದಲು ನೀವು ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಐದು ಸೆಕೆಂಡ್ ಇಡಲಾಗದಿದ್ದರೆ ಅದು ಮಗುವಿನ ತೊಡೆಗೆ ಸಲ್ಲದು. ಕಬ್ಬಿಣ ಒಂದೇ ಅಲ್ಲ, ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ಕು, ಆಟದ ಜಾಗಕ್ಕೆ ಹಾಸಿರುವ ರಬ್ಬರ್ ನೆಲ ಎಲ್ಲ ಸುಡುತ್ತದೆ. ಆಡುತ್ತಿದ್ದ ಮಗು ಮಂಕಾದರೆ, ಮುಖ ಕೆಂಪಾಗಿ ತಲೆನೋವು, ಹೊಟ್ಟೆ ತೊಳಸು ಅಂದರೆ ಆಟ ಸಾಕು, ನೆರಳಿಗೆ ಕರೆತಂದು ನೀರು ಕುಡಿಸಿ, ಮೈ ಒದ್ದೆ ಬಟ್ಟೆಯಲ್ಲಿ ಒರೆಸಿ. ಗೊಂದಲದಲ್ಲಿ ಮಾತಾಡಿದರೆ, ಕರೆದರೆ ಓಗೊಡದಿದ್ದರೆ ಅದು ತುರ್ತು. ಆಸ್ಪತ್ರೆಯವರಿಗೆ ಫೋನ್ ಮಾಡಿ, ಅವರು ಬರುವವರೆಗೂ ಮೈಮೇಲೆ ನೀರು ಹಾಕುತ್ತಲೇ ಇರಿ.

ತಪ್ಪಿಸಿಕೊಳ್ಳುವ ಭಯ ಎಲ್ಲರಿಗೂ ಇರುತ್ತದೆ, ತಯಾರಿ ಮಾಡಿಕೊಳ್ಳುವವರು ಕಮ್ಮಿ. ಗೇಟಿನಲ್ಲಿ ಅವಳ ಒಂದು ಪೂರ್ತಿ ಫೋಟೋ ತೆಗೆಯಿರಿ, ಇವತ್ತಿನ ಬಟ್ಟೆ ಚಪ್ಪಲಿ ಕಾಣಬೇಕು. ಗಾಬರಿಯಲ್ಲಿ ಯಾವ ಬಣ್ಣದ ಅಂಗಿ ಹಾಕಿದ್ದೆವು ಅನ್ನುವುದೇ ನೆನಪಾಗುವುದಿಲ್ಲ. ನಮ್ಮನ್ನು ಕಾಣದಿದ್ದರೆ ಹುಡುಕಿಕೊಂಡು ಹೋಗಬೇಡ, ನಿಂತಲ್ಲೇ ನಿಲ್ಲು, ಹತ್ತಿರದ ಮರ ತಬ್ಬಿಕೊಂಡು ನಿಲ್ಲು ಅಂತ ಹೇಳಿಕೊಡಿ. ಅವಳು ನಿಂತಿದ್ದರೆ ಹುಡುಕುವುದು ಸುಲಭ. ನಿಮ್ಮ ನಿಜವಾದ ಹೆಸರು ಅವಳಿಗೆ ಗೊತ್ತಿದೆಯಾ ಅಂತಲೂ ಪರೀಕ್ಷೆ ಮಾಡಿ. ಬಹಳ ಮಕ್ಕಳಿಗೆ ಅಮ್ಮನ ಹೆಸರು ಅಮ್ಮ ಅಂತಲೇ.

ಹೊರಡುವಾಗಿನ ಅಳು. "ಇನ್ನು ಐದು ನಿಮಿಷ" ಅಂತ ನೀವು ಹೇಳಿದ್ದಿರಬೇಕು, ಎಲ್ಲರೂ ಹೇಳುತ್ತಾರೆ. ಆ ವಯಸ್ಸಿಗೆ ನಿಮಿಷ ಅನ್ನುವುದು ಬರೀ ಸದ್ದು. ಎಣಿಸಲು ಬರುವ ಕೆಲಸದಲ್ಲಿ ಹೇಳಿ: ಇನ್ನು ಎರಡು ಸಲ ಜಾರುವುದು, ಆಮೇಲೆ ಆ ಮರಕ್ಕೆ ಟಾಟಾ, ಆಮೇಲೆ ಚಪ್ಪಲಿ. ಹೇಳಿದ ಮೇಲೆ ಮೂರನೇ ಸಲ ಕೊಡಬಾರದು, ಕೊಟ್ಟರೆ ಮುಂದಿನ ವಾರ ನಿಮ್ಮ ಮಾತಿಗೆ ಕಿಮ್ಮತ್ತಿಲ್ಲ. ಇದಕ್ಕಿಂತ ದೊಡ್ಡ ಗುಟ್ಟು ಅಂದರೆ ಅವಳು ಇನ್ನೂ ಖುಷಿಯಾಗಿರುವಾಗಲೇ ಹೊರಡುವುದು. ಆಟ ರಂಗೇರಿದೆ, ಇನ್ನೊಂದರ್ಧ ಗಂಟೆ ಇರೋಣ ಅಂತ ದೊಡ್ಡವರಿಗೇ ಆಸೆ ಬರುತ್ತದೆ, ಆ ಅರ್ಧ ಗಂಟೆಯಲ್ಲೇ ಹಸಿವು, ನಿದ್ದೆ, ಸುಸ್ತು ಮೂರೂ ಒಟ್ಟಿಗೆ ಬರುವುದು. ವಾಪಸ್ ಹೋಗುವ ದಾರಿಯಲ್ಲಿ ಕೈಯಲ್ಲಿ ಏನಾದರೂ ಇರಲಿ, ನೆಲಕ್ಕೆ ಬಿದ್ದ ಎಲೆ, ಒಣ ಕಾಯಿ, ಗರಿ. ಗಿಡದಿಂದ ಕೀಳುವುದು ಬೇಡ. ಕೆಲವು ಸಸ್ಯೋದ್ಯಾನಗಳಲ್ಲಿ ಬಿದ್ದದ್ದನ್ನೂ ತೆಗೆದುಕೊಳ್ಳುವ ಹಾಗಿಲ್ಲ, ಬೋರ್ಡು ನೋಡಿ.

ಇನ್ನು ನಿಮ್ಮ ಗಂಡನ ಗೊಣಗಾಟ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಬಯಲಿನ ಬೆಳಕು ಮಕ್ಕಳ ಕಣ್ಣಿಗೆ ಒಳ್ಳೆಯದು ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆ. ಚೀನಾದ ಗುವಾಂಗ್‌ಝೌನಲ್ಲಿ ಆರೇಳು ವರ್ಷದ ಮಕ್ಕಳಿಗೆ ಶಾಲೆಯ ದಿನಗಳಲ್ಲಿ 40 ನಿಮಿಷ ಜಾಸ್ತಿ ಹೊರಗೆ ಇರಿಸಿದರು. ಮೂರು ವರ್ಷದ ಕೊನೆಗೆ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು 30.4%, ಉಳಿದ ಮಕ್ಕಳಲ್ಲಿ 39.5%. ಇದು 2015ರಲ್ಲಿ ಪ್ರಕಟವಾದದ್ದು. ಮನೆಯೊಳಗಿನ ದೀಪದ ಬೆಳಕು ಕೆಲವು ನೂರು ಲಕ್ಸ್ (ಬೆಳಕು ಅಳೆಯುವ ಮಾನ), ಹೊರಗೆ ಮರದ ನೆರಳಲ್ಲೂ ಕೆಲವು ಸಾವಿರ. ಆದರೆ ಗಮನಿಸಿ, ಅದು ದಿನದಿನದ 40 ನಿಮಿಷ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ದಿನದ್ದೇ. ಭಾನುವಾರದ ಒಂದು ಸುತ್ತಿನಿಂದ ಇದು ಯಾವುದೂ ತುಂಬುವುದಿಲ್ಲ. ಮನೆ ಮುಂದಿನ ಇರುವೆ ದಿನವೂ ಬೇಕು, ಅದಕ್ಕೆ ಅವರನ್ನೇ ಕಳಿಸಿ.

ಹಾಗಾದರೆ ದೊಡ್ಡ ಉದ್ಯಾನ ಯಾಕೆ? ಮಗುವಿನ ಕೈ ಬಿಡಬಹುದು ಅನ್ನುವುದಕ್ಕೆ. ಮನೆಯಿಂದ ಹೊರಗೆ ಬಂದರೆ ಗಾಡಿಗಳ ಭಯಕ್ಕೆ ನಾವು ಅವರ ಮಣಿಕಟ್ಟು ಬಿಡುವುದೇ ಇಲ್ಲ. ಉದ್ಯಾನದಲ್ಲಿ ಐವತ್ತು ಹೆಜ್ಜೆ ಓಡಲಿ, ಇಳಿಜಾರಿನ ಹುಲ್ಲಲ್ಲಿ ಉರುಳಲಿ, ನೀವು ನೋಡುತ್ತಾ ಕೂರಬಹುದು. ಅಷ್ಟು ದಪ್ಪದ ಮರಗಳೂ ಮನೆ ಹತ್ತಿರ ಸಿಗುವುದಿಲ್ಲ. ನಾಲ್ಕು ಜನ ಕೈ ಹಿಡಿದು ಸುತ್ತುವರಿದರೂ ಸಾಲದ ಮರವನ್ನು ತಬ್ಬಿದ ಮಗುವಿಗೆ ದೊಡ್ಡದು ಅಂದರೆ ಏನು ಅಂತ ಮೈಗೇ ಗೊತ್ತಾಗುತ್ತದೆ. ಅದೇ ಉದ್ಯಾನಕ್ಕೆ, ಅದೇ ಮರದ ಕೆಳಗೇ ಮತ್ತೆ ಮತ್ತೆ ಹೋಗಿ, ಹೊಸ ಹೊಸ ಜಾಗ ಹುಡುಕಬೇಡಿ. ಎಲೆ ಉದುರಿದ್ದು, ಚಿಗುರಿದ್ದು, ಹೋದ ಸಲದ ಇರುವೆ ಗೂಡು ಬೇರೆ ಕಡೆಗೆ ಹೋದದ್ದು, ಇದೆಲ್ಲ ಕಾಣುವುದು ಹಳೇ ಜಾಗದಲ್ಲೇ.

ರೋಜಾ ತೋಟ ನೋಡಲೇಬೇಕು ಅಂತ ಯಜಮಾನರಿಗೆ ಇದ್ದರೆ ಇಪ್ಪತ್ತು ನಿಮಿಷ ಅವರೊಬ್ಬರೇ ಹೋಗಿ ಬರಲಿ, ಬಂದ ಮೇಲೆ ಅವರು ಮಗುವಿನ ಹಿಂದೆ ಓಡಲಿ, ನೀವು ಗಾಜಿನ ಮನೆಗೆ ಹೋಗಿ.